ಹ್ಯಾಮ್ ರೇಡಿಯೋ ಮತ್ತು ಕೈಕೊಟ್ಟ ಬ್ಯಾಟರಿ

(ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ನಮ್ಮ ರೇಡಿಯೋ ಸ್ವಯಂಸೇವಕರು ಆಡಿದ ಮಾತುಗಳು)

ಊಟಕ್ಕೆ ಮುಂಚೆ ಹತ್ತು ನಿಮಿಷ ಮಾತಾಡಿ ಅಂತ ಸಮಿತಿಯವರು ಹೇಳಿದ್ದಾರೆ. ಆದರೆ ಬಿಸಿಬೇಳೆಬಾತಿನ ಘಮ ಆಗಲೇ ಇಲ್ಲಿಗೂ ಬಂದಿದೆ, ಬೇಗನೇ ಮುಗಿಸುತ್ತೇವೆ.

ನಾವು ನಾಲ್ಕೈದು ಜನ ಹ್ಯಾಮ್‌ಗಳು, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು. ಇಲ್ಲಿ ಬೇ ಏರಿಯಾದಲ್ಲಿ 1989ರ ಲೋಮಾ ಪ್ರಿಯೆಟಾ ಭೂಕಂಪವಾದಾಗ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದನ್ನು ಹಳಬರು ಈಗಲೂ ನೆನೆಯುತ್ತಾರೆ. 2004ರ ಡಿಸೆಂಬರ್ ಸುನಾಮಿಯ ಹೊತ್ತಿನಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರು ಮಾಡಿದ್ದೂ ಇದೇ ಕೆಲಸ. ನಮ್ಮದು ಅಷ್ಟು ದೊಡ್ಡದಲ್ಲ. ವರ್ಷಕ್ಕೊಮ್ಮೆ ನಮ್ಮ ಸಹಾಯಾರ್ಥ ನಡಿಗೆಯಲ್ಲಿ, ಸೆಲ್ ಫೋನ್ ಸಿಗದ ಗುಡ್ಡದ ದಾರಿಯಲ್ಲಿ ರೇಡಿಯೋ ಹಿಡಿದು ನಿಲ್ಲುವುದು, ಅಷ್ಟೇ.

ಒಂದು ವರ್ಷ ಊರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಏರಿನಲ್ಲಿ ತಲೆ ಸುತ್ತಿ ಕುಳಿತುಬಿಟ್ಟರು. ಪಕ್ಕದಲ್ಲೇ ನಮ್ಮವರಿದ್ದರು, ಕೈಯಲ್ಲಿ ರೇಡಿಯೋ ಇತ್ತು. ಬ್ಯಾಟರಿ ತುಂಬಿದೆ ಅಂತ ಪರದೆ ತೋರಿಸುತ್ತಿತ್ತು, ಬೆಳಗಿನಿಂದ ಎಲ್ಲರ ಮಾತೂ ಕೇಳಿಸಿತ್ತು. ಮಾತಾಡಲು ಗುಂಡಿ ಒತ್ತಿದರೆ ದೀಪವೇ ಆರಿಹೋಯಿತು. ಬಿಟ್ಟರೆ ಮತ್ತೆ ಜೀವ, ಒತ್ತಿದರೆ ಮತ್ತೆ ಸಾವು. ಕೊನೆಗೆ ಹುಡುಗನೊಬ್ಬ ಕೆಳಗೆ ಓಡಿ ಡಾಕ್ಟರನ್ನು ಕರೆತರಬೇಕಾಯಿತು. ಬಿಸಿಲಿನ ತಲೆಸುತ್ತು ಮಾತ್ರ ಆಗಿದ್ದರಿಂದ ಬಚಾವಾದೆವು. ಎದೆನೋವಾಗಿದ್ದರೆ? ಆ ರಾತ್ರಿ ನಮಗ್ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಆಗಿದ್ದೇನು ಅಂದರೆ, ಕೇಳಿಸಿಕೊಳ್ಳುವಾಗ ರೇಡಿಯೋಗೆ ಚೂರು ಕರೆಂಟ್ ಸಾಕು. ಐದು ವಾಟ್‌ನಲ್ಲಿ ಮಾತಾಡಲು ಸುಮಾರು ಒಂದೂವರೆ ಆಂಪಿಯರ್ ಬೇಕು. ಹಳೇ ಮನೆಯ ತುಕ್ಕು ಹಿಡಿದ ನಲ್ಲಿ ನೆನಪಿಸಿಕೊಳ್ಳಿ. ತೊಟ್ಟಿಕ್ಕುತ್ತಿರುತ್ತದೆ, ಬಕೆಟ್ ಇಟ್ಟರೆ ತುಂಬುವುದಿಲ್ಲ. ಮುದಿ ಬ್ಯಾಟರಿಯ ಒಳಗಿನ ತಡೆಯೂ ಹಾಗೇ.

ಅದು ನಿಕಲ್ ಕ್ಯಾಡ್ಮಿಯಂ ಪ್ಯಾಕ್. ಒಳಗೆ 1.2 ವೋಲ್ಟಿನ ಆರು ಸೆಲ್‌ಗಳು, ಒಟ್ಟು 7.2 ವೋಲ್ಟ್. ಕೊಂದವರು ನಾವೇ! "ಮೆಮೊರಿ" ತೆಗೆಯಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ, ಟಾರ್ಚ್ ಬಲ್ಬ್ ಕಟ್ಟಿ ರಾತ್ರಿಯಿಡೀ ಖಾಲಿ ಮಾಡಿದ್ದೆವು. ಆರರಲ್ಲಿ ದುರ್ಬಲವಾದ ಸೆಲ್ ಮೊದಲು ಬರಿದಾಗುತ್ತದೆ, ಉಳಿದ ಐದು ಸೇರಿ ಅದರಲ್ಲಿ ಕರೆಂಟನ್ನು ಉಲ್ಟಾ ತುಂಬುತ್ತವೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಸೆಲ್ಲಿಗೆ ಒಂದು ವೋಲ್ಟ್‌ಗೆ ಇಳಿದಾಗ ನಿಲ್ಲಿಸಿದ್ದರೆ ಉಳಿಯುತ್ತಿತ್ತೇನೋ.

ಸತ್ತ ಸೆಲ್‌ಗೆ ಜೋರು ಶಾಕ್ ಕೊಟ್ಟು ಎಬ್ಬಿಸುವ ಹಳೇ ಉಪಾಯವೂ ಒಂದಿದೆ. ಒಳಗೆ ಬೆಳೆದ ಕ್ಯಾಡ್ಮಿಯಂ ಎಳೆಗಳು ಶಾರ್ಟ್ ಮಾಡಿರುತ್ತವೆ, ಶಾಕ್ ಅವನ್ನು ಸುಡುತ್ತದೆ. ನಾವೂ ಮಾಡಿ ನೋಡಿದೆವು. ಎದ್ದಿತು, ವಾರದೊಳಗೆ ಮತ್ತೆ ಮಲಗಿತು. ಒಳಗಿನ ಪರದೆ ಒಮ್ಮೆ ತೂತಾದ ಮೇಲೆ ಎಳೆ ಮತ್ತೆ ಬೆಳೆಯದೆ ಇರುತ್ತದೆಯೇ? ಸೆಲ್ ಒಡೆಯುವ ಅಪಾಯ ಬೇರೆ. ದಯವಿಟ್ಟು ಯಾರೂ ಮಾಡಬೇಡಿ, ಲಿಥಿಯಂ ಬ್ಯಾಟರಿಗಂತೂ ಕನಸಿನಲ್ಲೂ ಬೇಡ.

ಎಸೆಯಲು ಮನಸ್ಸು ಬರುವುದಿಲ್ಲ, ನಿಜ. "ಇರಲಿ, ಯಾವತ್ತಾದರೂ ಬೇಕಾಗುತ್ತೆ" ಅಂತ ಕೂಡಿಡುವ ಮನೆಗಳಿಂದ ಬಂದವರು ನಾವು. ನಮ್ಮ ಗ್ಯಾರೇಜುಗಳಲ್ಲಿ ಒಟ್ಟು ಹನ್ನೊಂದು ಸತ್ತ ಪ್ಯಾಕ್ ಸಿಕ್ಕವು. ಈಗ ಕ್ರಮ ಬದಲಾಗಿದೆ. ಚಾರ್ಜ್ ಮಾಡಿ ವಾರ ಬಿಟ್ಟು, ಗುಂಡಿ ಒತ್ತಿ ಮಾತಾಡುತ್ತಲೇ ಮೀಟರ್ ನೋಡುತ್ತೇವೆ. 7.2 ವೋಲ್ಟಿನದು ಆಗ ಆರಕ್ಕಿಂತ ಕೆಳಗಿಳಿದರೆ ಅದಕ್ಕೆ ನಿವೃತ್ತಿ. ಬದಲಿಗೆ ಆರು ಡಬಲ್ ಎ ಸೆಲ್ ಹಿಡಿಯುವ ಖಾಲಿ ಡಬ್ಬಿಗಳನ್ನು ತಂದೆವು. ಅದಕ್ಕೆ, 2005ರಲ್ಲಿ ಸ್ಯಾನಿಯೋ ಎನಿಲೂಪ್ ಹೆಸರಿನಲ್ಲಿ ತಂದಂಥ, ಸುಮ್ಮನಿದ್ದರೂ ಬೇಗ ಸೋರಿಹೋಗದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು ಹಾಕುತ್ತೇವೆ.

ರೇಡಿಯೋ ಇಲ್ಲದವರಿಗೂ ಎರಡು ಮಾತು. ಆಟಿಕೆಯಲ್ಲೋ ಟಾರ್ಚಲ್ಲೋ ಮಾಮೂಲಿ ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಆಸಿಡ್ ಅಲ್ಲ, ಕ್ಷಾರ. ಗ್ಲೌಸ್ ಹಾಕಿಕೊಂಡು, ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಬೇಸಿಗೆ ರಜೆಗೆ ಬೆಂಗಳೂರಿಗೆ ಹೊರಡುವಾಗ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಉಬ್ಬಿದ ಬ್ಯಾಟರಿಯನ್ನಂತೂ ವಿಮಾನಕ್ಕೇ ತರಬೇಡಿ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ.

ಇನ್ನು ಕಸದ ಡಬ್ಬಿ. 2006ರಿಂದ ಕ್ಯಾಲಿಫೋರ್ನಿಯಾದಲ್ಲಿ ಮನೆಯ ಯಾವ ಬ್ಯಾಟರಿಯನ್ನೂ ಕಸಕ್ಕೆ ಹಾಕುವಂತಿಲ್ಲ. ಕ್ಯಾಡ್ಮಿಯಂ ಏನು ಮಾಡುತ್ತದೆ ಅಂತ ಜಪಾನಿನ ಜಿಂಜು ನದಿಯ ದಡದವರಿಗೆ ಗೊತ್ತು. ಗಣಿಯಿಂದ ನೀರಿಗೆ, ನೀರಿನಿಂದ ಭತ್ತದ ಗದ್ದೆಗೆ ಸೇರಿ ಜನರ ಮೂಳೆಗಳನ್ನೇ ಮುರಿಯಿತು. ಆ ರೋಗಕ್ಕೆ ಅಲ್ಲಿಯವರು ಇಟ್ಟ ಹೆಸರು ಇತಾಯ್-ಇತಾಯ್, ಅಂದರೆ "ನೋವು, ನೋವು".

ಹೊಸ ಸೆಲ್‌ಗಳ ಖರ್ಚನ್ನು ನಾವೇ ಹಂಚಿಕೊಂಡಿದ್ದೇವೆ, ನಿಮ್ಮ ದೇಣಿಗೆಯ ಒಂದು ಸೆಂಟನ್ನೂ ಮುಟ್ಟಿಲ್ಲ. ಮುಂದಿನ ನಡಿಗೆಯ ದಿನ ನೋಂದಣಿ ಮೇಜಿನ ಪಕ್ಕ ಒಂದು ಡಬ್ಬಿ ಇಡುತ್ತೇವೆ. ಮನೆಯಲ್ಲಿರುವ ಸತ್ತ ಬ್ಯಾಟರಿಗಳ ಎರಡೂ ತುದಿಗೆ ಟೇಪ್ ಸುತ್ತಿ ತನ್ನಿ, ಕೌಂಟಿಯ ಸಂಗ್ರಹ ಕೇಂದ್ರಕ್ಕೆ ನಾವು ಒಯ್ಯುತ್ತೇವೆ. ಉಬ್ಬಿದ್ದು, ಸೋರಿದ್ದು ಮಾತ್ರ ನಮ್ಮ ಡಬ್ಬಿಗೆ ಬೇಡ, ನೇರವಾಗಿ ಕೇಂದ್ರದವರಿಗೇ ಫೋನ್ ಮಾಡಿ ಕೇಳಿ. ಅಂದ ಹಾಗೆ, ಏರಿನಲ್ಲಿ ನಿಲ್ಲಲು ಇನ್ನೂ ಇಬ್ಬರು ಲೈಸೆನ್ಸ್ ಇರುವವರು ಬೇಕಾಗಿದ್ದಾರೆ. ಆ ದಿನ ಓಡಿಹೋದ ಹುಡುಗ ಪರೀಕ್ಷೆಗೆ ಓದುತ್ತಿದ್ದಾನೆ.