ಒಂದು ನಕ್ಷತ್ರದ ಜಮಾ-ಖರ್ಚು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನಿಯಲ್ಲ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಖಗೋಳ ನನ್ನ ಬಿಡುವಿನ ಹವ್ಯಾಸ. ಇವತ್ತು ಒಂದು ಜೋಡಿ ನಕ್ಷತ್ರದ ಕಥೆ ಹೇಳುತ್ತೇನೆ.

ಸೂರ್ಯನಂಥ ನಕ್ಷತ್ರದ ಇಂಧನ ಮುಗಿದ ಮೇಲೆ ಉಳಿಯುವ ತಿರುಳೇ ಶ್ವೇತಕುಬ್ಜ. ಗಾತ್ರ ಭೂಮಿಯಷ್ಟು, ತೂಕ ಹೆಚ್ಚುಕಡಿಮೆ ಸೂರ್ಯನಷ್ಟು. ಅದರ ಒಂದು ಚಮಚ ದ್ರವ್ಯ ಹಲವು ಟನ್ ತೂಗುತ್ತದೆ. 1930ರಲ್ಲಿ ಓದಲು ಇಂಗ್ಲೆಂಡಿಗೆ ಹಡಗು ಹತ್ತಿದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಈ ತೂಕಕ್ಕೆ ಒಂದು ಮಿತಿ ಇದೆ ಎಂದು ಲೆಕ್ಕ ಹಾಕಿದರು. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು. 1983ರಲ್ಲಿ ಅವರಿಗೆ ನೊಬೆಲ್ ಬಂತು.

ಒಂಟಿ ಶ್ವೇತಕುಬ್ಜ ಸುಮ್ಮನೆ ತಣ್ಣಗಾಗುತ್ತಾ ಹೋಗುತ್ತದೆ. ಪಕ್ಕದಲ್ಲೇ ಜೊತೆಗಾರ ನಕ್ಷತ್ರವಿದ್ದರೆ ಅದರ ಅನಿಲವನ್ನು ಎಳೆದುಕೊಳ್ಳುತ್ತದೆ. ಉರಗಧರ ನಕ್ಷತ್ರಪುಂಜದ 'ಆರ್‌ಎಸ್ ಒಫಿಯೂಕಿ' ಅಂಥ ಜೋಡಿ. ಅಲ್ಲಿ ಶ್ವೇತಕುಬ್ಜದ ಜೊತೆಗಾರ ಒಂದು ಕೆಂಪು ದೈತ್ಯ. ಬಂದು ಬಿದ್ದ ಹೈಡ್ರೋಜನ್ ಪದರ ದಪ್ಪವಾದಾಗ ಒಮ್ಮೆಲೇ ಹೊತ್ತಿಕೊಂಡು ಸಿಡಿಯುತ್ತದೆ. 1985ರಲ್ಲಿ, 2006ರಲ್ಲಿ, ಮತ್ತೆ 2021ರ ಆಗಸ್ಟ್‌ನಲ್ಲಿ ಅದು ಸಿಡಿಯಿತು. ಕೊನೆಯ ಸಲ ಕೆಲವು ದಿನ ಬರಿಗಣ್ಣಿಗೂ ಕಾಣುವಷ್ಟು ಬೆಳಗಿತು.

ಸಿಡಿದ ಅನಿಲ ಕೆಂಪು ದೈತ್ಯದ ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ ಕೋಟಿಗಟ್ಟಲೆ ಡಿಗ್ರಿ ಕಾಯುತ್ತದೆ. ಅಷ್ಟು ಕಾದ ಅನಿಲ ಕ್ಷ-ಕಿರಣ ಸೂಸುತ್ತದೆ. ನಮ್ಮ ವಾತಾವರಣ ಆ ಕಿರಣಗಳನ್ನು ನೆಲಕ್ಕೆ ಬಿಡುವುದಿಲ್ಲ. ಆದ್ದರಿಂದ ದೂರದರ್ಶಕವನ್ನೇ ಮೇಲಕ್ಕೆ ಕಳಿಸಬೇಕು. ಇಸ್ರೋ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿಸಿದ ಆಸ್ಟ್ರೋಸ್ಯಾಟ್, ಸುಮಾರು 650 ಕಿ.ಮೀ. ಎತ್ತರದಿಂದ ಈ ಸ್ಫೋಟವನ್ನೂ ನೋಡಿತು.

ಕ್ಷ-ಕಿರಣ ಮಾಮೂಲಿ ಕನ್ನಡಿಗೆ ನೇರವಾಗಿ ಬಿದ್ದರೆ ಹಿಂದಿರುಗುವುದಿಲ್ಲ. ಚಪ್ಪಟೆ ಕಲ್ಲನ್ನು ಕೆರೆಗೆ ನೇರ ಹಾಕಿದರೆ ಮುಳುಗುತ್ತದೆ, ಓರೆಯಾಗಿ ಬೀಸಿದರೆ ಜಿಗಿಯುತ್ತಾ ಹೋಗುತ್ತದಲ್ಲ, ಹಾಗೆಯೇ ಇದು. ಅದಕ್ಕೇ ಆಸ್ಟ್ರೋಸ್ಯಾಟ್‌ನ ಮೃದು ಕ್ಷ-ಕಿರಣ ದೂರದರ್ಶಕದಲ್ಲಿ ಕನ್ನಡಿಗಳನ್ನು ಒಂದರೊಳಗೊಂದು, ಕಿರಣ ಸವರಿಕೊಂಡು ಹೋಗುವಂತೆ ಜೋಡಿಸಿದ್ದಾರೆ.

ಮೊದಲು ಬಂದದ್ದು ಅಪ್ಪಳಿಕೆಯ ಕಿರಣ. ವಾರಗಳ ನಂತರ ಧೂಳು ಅಡಗಿದಂತೆ ಅನಿಲ ತೆಳುವಾಗಿ, ಲಕ್ಷಗಟ್ಟಲೆ ಡಿಗ್ರಿ ಉರಿಯುತ್ತಿದ್ದ ಶ್ವೇತಕುಬ್ಜದ ಮೈ ಕಂಡಿತು. ಆ ಉರಿ ಯಾವಾಗ ಕಂಡಿತು, ಎಷ್ಟು ದಿನ ಉಳಿಯಿತು ಎಂಬುದರಿಂದ ಅದರ ತೂಕವನ್ನು ಅಂದಾಜು ಮಾಡುತ್ತಾರೆ. ಈ ಶ್ವೇತಕುಬ್ಜ ಚಂದ್ರಶೇಖರ್ ಮಿತಿಯ ಹತ್ತಿರವಿದೆ. ಹಾಗಾದರೆ ಪ್ರಶ್ನೆ ಜಮಾ-ಖರ್ಚಿನದು: ಬಂದ ಅನಿಲವೆಲ್ಲ ಸ್ಫೋಟದಲ್ಲಿ ಖರ್ಚಾಗುತ್ತದೆಯೋ, ಸ್ವಲ್ಪ ಉಳಿತಾಯವಾಗುತ್ತದೆಯೋ? ಉಳಿತಾಯ ಬೆಳೆದು ಮಿತಿ ಮುಟ್ಟಿದರೆ ಶ್ವೇತಕುಬ್ಜ ಪೂರ್ತಿ ಸಿಡಿದು ಹೋಗಬಹುದು.

ಇದರಿಂದ ನಮ್ಮೂರಿಗೇನು ಎಂದು ಹಿರಿಯರು ಕೇಳಬಹುದು. ಲೋಕದಲ್ಲಿರುವ ಕಬ್ಬಿಣದ ದೊಡ್ಡ ಪಾಲು ಹುಟ್ಟಿದ್ದು ಶ್ವೇತಕುಬ್ಜಗಳ ಅಂಥ ಸ್ಫೋಟಗಳಲ್ಲೇ. ನಮ್ಮ ಕುಡುಗೋಲಿನಲ್ಲಿ, ನಮ್ಮ ರಕ್ತದಲ್ಲಿ ಇರುವುದು ಆ ಕಬ್ಬಿಣ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಆಸ್ಟ್ರೋಸ್ಯಾಟ್ ಕಳಿಸಿದ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರದಲ್ಲಿದೆ. ಬಹುಪಾಲು ಸಾರ್ವಜನಿಕರಿಗೆ ಉಚಿತ. ಅದರಲ್ಲಿ ಇರುವುದು ಒಂದು ಪಟ್ಟಿ: ಯಾವ ಕ್ಷಣಕ್ಕೆ, ಎಷ್ಟು ಶಕ್ತಿಯ ಕಿರಣ, ಎಲ್ಲಿ ಬಿತ್ತು. ಅಂಕಿಗಳಿಗೆ ಇಂಗ್ಲಿಷ್ ಮೀಡಿಯಂ, ಕನ್ನಡ ಮೀಡಿಯಂ ಎಂಬ ಭೇದವಿಲ್ಲ. ಗ್ರಾಫ್ ಹಾಳೆಯ ಮೇಲೆ ಕಾಲ ಮತ್ತು ಎಣಿಕೆಯನ್ನು ಗುರುತಿಸಲು ಹತ್ತನೇ ತರಗತಿಯ ಗಣಿತ ಸಾಕು. ಗುರುಗಳು ಒಪ್ಪಿದರೆ ಬೇಸಿಗೆ ರಜೆಯಲ್ಲಿ ಒಂದು ವಾರ ನಾನೇ ಬಂದು, ಶಾಲೆಯ ಕಂಪ್ಯೂಟರ್‌ನಲ್ಲಿ ಆ ಪಟ್ಟಿ ತೆರೆಯುವುದನ್ನು ಕಲಿಸುತ್ತೇನೆ. ತಂದೆತಾಯಂದಿರು ಹೆಣ್ಣುಮಕ್ಕಳನ್ನೂ ತಪ್ಪದೆ ಕಳಿಸಬೇಕೆಂದು ಕೈಮುಗಿದು ಕೇಳುತ್ತೇನೆ.