ಎತ್ತಿಗಾಗಿ ಎದ್ದ ಗೋಡೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಕಲ್ಲಿನ ಮಾಳಿಗೆ ಮನೆಗಳನ್ನು ಸಣ್ಣ ಕೋಟೆಗಳೆಂದು ಕರೆಯುವ ರೂಢಿಯಿದೆ. ದಪ್ಪ ಗೋಡೆ, ಒಂದೇ ತಲಬಾಗಿಲು, ಬೀದಿಯ ಕಡೆ ಕಿಟಕಿಯಿಲ್ಲ. ಹಾಗಾಗಿ ಇವು ದಾಳಿಯ ಭಯದಿಂದ ಹುಟ್ಟಿದವು, ದೇಸಾಯರ ವಾಡೆಯ ಬಡ ನಕಲುಗಳು ಎಂಬುದು ಹಾಗೆ ಕರೆಯುವವರ ವಾದ. ನಾನು ಒಪ್ಪುವುದಿಲ್ಲ. ಈ ಮನೆಗಳನ್ನು ರೂಪಿಸಿದ್ದು ಶತ್ರುವಲ್ಲ, ಎತ್ತು. ತಲಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ತಗ್ಗು ನೆಲ. ಮನುಷ್ಯರ ಪಡಸಾಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ. ಅದರ ಹಿಂದೆ ಅಡಿಗೆಮನೆ, ದೇವರ ಜಗಲಿ. ಗಂಜಲ ಒಳಕ್ಕೆ ಹರಿಯದಂತೆ, ರಾತ್ರಿ ದನದ ಮೇಲೆ ಕಣ್ಣಿರುವಂತೆ ಮಾಡಿದ ಲೆಕ್ಕ ಅದು. ಗೋಕಾಕದ 52 ಮೀಟರ್ ಜಲಪಾತ ಧುಮುಕುವುದು ಮರಳುಗಲ್ಲಿನ ಬಂಡೆಯಿಂದ, ಹುಕ್ಕೇರಿಯ ಕಡೆ ಸಿಗುವುದು ಕಪ್ಪು ಬಸಾಲ್ಟ್, ಮೂಡಲಗಿಯದು ಎರೆ ಬಯಲು. ಗೋಡೆಯ ಕಲ್ಲು ಬದಲಾದರೂ ಒಳಗಿನ ಈ ಕ್ರಮ ಬದಲಾಗುವುದಿಲ್ಲ.

ಇಂಗ್ಲೆಂಡಿನ ಎರಡು ಬಗೆಯ ಕಲ್ಲುಮನೆಗಳು ಈ ವಾದಕ್ಕೆ ಒರೆಗಲ್ಲು. ಡಾರ್ಟ್‌ಮೂರ್‌ನ ಲಾಂಗ್‌ಹೌಸ್‌ನಲ್ಲಿ ಒಂದೇ ಸೂರಿನಡಿ ಇಳಿಜಾರಿನ ಕೆಳಬದಿಗೆ ದನ, ಮೇಲ್ಬದಿಗೆ ಜನ, ನಡುವೆ ಇಬ್ಬರಿಗೂ ಒಂದೇ ಹಾದಿ. ಸ್ಕಾಟ್ಲೆಂಡಿನ ಗಡಿಯಲ್ಲಿ ದರೋಡೆಯ ಭಯ ನಿಜವಾಗಿದ್ದಾಗ ಕಟ್ಟಿದ ಬ್ಯಾಸಲ್ ಮನೆಗಳೇ ಬೇರೆ: ದನ ಕೆಳ ಅಂತಸ್ತಿನಲ್ಲಿ, ಜನ ಏಣಿ ಹತ್ತಿ ಮೇಲಂತಸ್ತಿನಲ್ಲಿ. ಭಯವೇ ಮೇಸ್ತ್ರಿಯಾದಾಗ ಮನುಷ್ಯ ಮೇಲೇರುತ್ತಾನೆ. ನಮ್ಮ ರೈತ ಎತ್ತಿನ ಪಕ್ಕದಲ್ಲೇ ಮಲಗಿದ. ಹಾಗಾದರೆ ಕಿಟಕಿ ಏಕಿಲ್ಲ ಎಂದು ಕೇಳಬಹುದು. ಬಯಲುಸೀಮೆಯ ಬೇಸಿಗೆಗೆ ದಪ್ಪ ಗೋಡೆಯೇ ಉತ್ತರ, ಬೆಳಕಿಗೆ ಮಾಳಿಗೆಯ ಬೆಳಕಿಂಡಿ ಇದೆ. ಕಳ್ಳರ ಅಂಜಿಕೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಳ್ಳನ ಕಣ್ಣಿದ್ದುದೂ ಎತ್ತಿನ ಮೇಲೆಯೇ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಇಂಥ ಮನೆಗಳು ಕುಸಿದವಲ್ಲ, ಇವುಗಳನ್ನು ಹೊಗಳುವುದೇಕೆ ಎಂಬುದು ಇನ್ನೊಂದು ಆಕ್ಷೇಪ. ಅದು ಗಂಭೀರವಾದುದು, ಮನೆ ಕಳೆದುಕೊಂಡವರ ಮುಂದೆ ಸೊಗಸಿನ ಮಾತು ನಿಲ್ಲದು. ಆದರೆ ನಿಂತ ನೀರಿಗೆ ಸೋತದ್ದು ಕಲ್ಲಲ್ಲ, ಕಲ್ಲುಗಳ ನಡುವಿನ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವ ವಾಡಿಕೆ ತಪ್ಪಿದ ಮನೆಗಳ ಗೋಡೆಗೆ ನೀರು ಮೇಲಿನಿಂದಲೂ ಇಳಿಯುತ್ತದೆ. ಇದು ಆರೈಕೆಯ ಸೋಲು. ಕಟ್ಟಡದ ಬುದ್ಧಿಯ ಸೋಲೆಂದು ಅದನ್ನು ಎಣಿಸಲಾಗದು.

ಇಷ್ಟು ಹೇಳಿದ ಮೇಲೂ ನನ್ನ ವಾದವೇ ನನ್ನನ್ನು ಕಟ್ಟಿಹಾಕುತ್ತದೆ. ಎತ್ತಿಗಾಗಿ ಹುಟ್ಟಿದ ಮನೆ ಟ್ರ್ಯಾಕ್ಟರ್ ಬಂದ ಮೇಲೆ ಬದಲಾಗಬಾರದೇಕೆ? ತಗ್ಗು ನೆಲವನ್ನು ತುಂಬಿ ಸಮಮಾಡಿ ಮಗನಿಗೆ ಕೋಣೆ ಕಟ್ಟಿಸಿದ ರೈತ ಪರಂಪರೆಯನ್ನು ಕೆಡಿಸಿದನೆ, ಮುಂದುವರಿಸಿದನೆ? ಕೋಟೆ, ಗುಡಿ, ಗುಮ್ಮಟಗಳಿಗೆ ಸಿಗುವ ರಕ್ಷಣೆ ಈ ಮನೆಗಳಿಗೂ ಸಿಗಬೇಕೆಂದು ಬಯಸುವ ನಾನು, ಅವುಗಳಲ್ಲಿ ಬದುಕುವ ಹೊಣೆಯನ್ನು ಯಾರ ಮೇಲೆ ಹೊರಿಸಲಿ?