ಶುಶ್ರೂಷೆಯಿಂದ ವೈದ್ಯವಿದ್ಯೆಗೆ



ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ನೆಲದಲ್ಲಿ, 1978ನೆಯ ಇಸವಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದುದು ತಮಗೆಲ್ಲ ವಿದಿತವಾದ ವಿಷಯವು. ಯಂತ್ರಗಳ ಊರೆಂದು ಹೆಸರಾದ ಆ ನೆರೆಯಲ್ಲಿಯೇ, ಬೊಮ್ಮಸಂದ್ರದಲ್ಲಿ, 2001ರಿಂದ ನಾರಾಯಣ ಹೃದಯಾಲಯವು ನಡೆದುಬಂದಿರುವುದು. ಇಂತಹ ಆಸ್ಪತ್ರೆಗಳು ವೈದ್ಯರೊಬ್ಬರಿಂದಲೇ ನಡೆಯತಕ್ಕವುಗಳಲ್ಲ. ದಾದಿಯರು, ಔಷಧ ಕೊಡುವವರು, ರಕ್ತಪರೀಕ್ಷೆ ಮಾಡುವವರು, ಅಂಗಸಾಧನೆ ಮಾಡಿಸುವ ಫಿಜಿಯೋಥೆರಪಿಯವರು ಹಗಲಿರುಳು ದುಡಿಯುವರು. ಇವರಲ್ಲಿ ಕೆಲವರಿಗೆ ‘ತಾನೂ ಎಂ.ಬಿ.ಬಿ.ಎಸ್. ಓದಬಾರದೇಕೆ?’ ಎಂಬ ಆಸೆ ಮೊಳೆಯುವುದು ಸಹಜವು. ಆ ಆಸೆಗೆ ದಾರಿಯುಂಟೇ, ಆ ದಾರಿಯಲ್ಲಿ ಹೋಗತಕ್ಕವರು ಯಾರು ಎಂಬುದೇ ಇಂದಿನ ಉಪನ್ಯಾಸದ ವಿಷಯವು.

ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ತೀವ್ರ ನಿಗಾ ಘಟಕದಲ್ಲಿ ಕೆಲವು ವರ್ಷ ರಾತ್ರಿಪಾಳಿ ಮಾಡಿದ ದಾದಿಯೊಬ್ಬಳನ್ನು ಭಾವಿಸಿಕೊಳ್ಳಿರಿ. ಅಂಗರಚನೆ, ಶರೀರಕ್ರಿಯೆಗಳನ್ನು ಆಕೆ ಒಮ್ಮೆ ಓದಿರುವಳು. ರೋಗಿಯ ಮುಖ ನೋಡಿಯೇ ಸ್ಥಿತಿ ಕೆಡುತ್ತಿರುವುದನ್ನು ಅರಿಯಬಲ್ಲಳು. ಆದರೆ ವೈದ್ಯಕೀಯ ಕಾಲೇಜಿನ ಬಾಗಿಲಿನಲ್ಲಿ ಇದಾವುದೂ ಲೆಕ್ಕಕ್ಕೆ ಬಾರದು. ಪಿ.ಯು.ಸಿ. ಮುಗಿಸಿದ ಹದಿನೇಳರ ಹುಡುಗಿಯ ಪಕ್ಕದಲ್ಲಿ ಕುಳಿತು ನೀಟ್ ಪರೀಕ್ಷೆಯನ್ನು ಬರೆಯಬೇಕು. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಅರ್ಧದಷ್ಟು ಜೀವಶಾಸ್ತ್ರ, ಉಳಿದರ್ಧ ಭೌತ ಮತ್ತು ರಸಾಯನಶಾಸ್ತ್ರಗಳು. ದಾದಿಯ ಕೈ ಮರೆತುಹೋದ ಭೌತಶಾಸ್ತ್ರವೇ ಇಲ್ಲಿ ಆಕೆಯ ಭಾಗ್ಯವನ್ನು ನಿರ್ಣಯಿಸುವುದು! ತೇರ್ಗಡೆಯಾಗಿ ಸ್ಥಾನ ದೊರೆತರೂ ಮೊದಲನೆಯ ವರ್ಷದಿಂದಲೇ ಆರಂಭವು. ನಾಲ್ಕೂವರೆ ವರ್ಷ ವ್ಯಾಸಂಗ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಇಪ್ಪತ್ತಾರರಲ್ಲಿ ಸೇರಿದವಳಿಗೆ ಹೊರಬರುವಾಗ ಮೂವತ್ತೊಂದು ದಾಟಿರುವುದು. ಓದುವ ಕಾಲದಲ್ಲಿ ಸಂಬಳವಿಲ್ಲ. ಊರಿನಲ್ಲಿ ಆಕೆಯ ಹಣವನ್ನೇ ನಂಬಿದ ತಂದೆತಾಯಿಗಳಿದ್ದರೆ ಅವರ ಗತಿಯೇನೆಂಬುದನ್ನು ಯಾವ ಮಾಹಿತಿ ಪುಸ್ತಿಕೆಯೂ ಹೇಳದು.

ಈಚೆಗೆ ಎರಡು ಅಗುಳಿಗಳು ಸರಿದಿವೆ ಎಂಬುದನ್ನೂ ಹೇಳತಕ್ಕದ್ದು. ನೀಟ್ ಬರೆಯಲು ಇದ್ದ ವಯಸ್ಸಿನ ಮೇಲ್ಮಿತಿಯು 2022ರಲ್ಲಿ ತೆಗೆಯಲ್ಪಟ್ಟಿತು. ಕಲಾವಿಭಾಗದಲ್ಲಿ ಪಿ.ಯು.ಸಿ. ಮಾಡಿ ಜಿ.ಎನ್.ಎಂ. ನರ್ಸಿಂಗ್ ಓದಿದವರಿಗೆ ಮೊದಲು ಬಾಗಿಲೇ ಮುಚ್ಚಿದ್ದಿತು. ವಿಜ್ಞಾನ ವಿಷಯಗಳನ್ನು ಆಮೇಲೆ ಮಾನ್ಯತೆ ಪಡೆದ ಮಂಡಲಿಯಲ್ಲಿ ಹೆಚ್ಚುವರಿಯಾಗಿ ಓದಿ ತೇರ್ಗಡೆಯಾದರೂ ಸಾಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಪ್ರಕಟಿಸಿತು.

ಪೂರ್ವದ ಕಲಿಕೆಗೆ ಬೆಲೆಯೇ ಇಲ್ಲದ ಈ ಪದ್ಧತಿ ಎಂದೆಂದಿನದೂ ಅಲ್ಲ. 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಶಾಲೆಯು ಎಲ್.ಎಂ.ಪಿ. ಎಂಬ ಕಿರಿದರ್ಜೆಯ ವೈದ್ಯರನ್ನು ಸಿದ್ಧಪಡಿಸುತ್ತಿದ್ದಿತು. 1924ರಲ್ಲಿ ಅದೇ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ವೈದ್ಯರಲ್ಲಿ ಎರಡು ದರ್ಜೆಗಳು ಬೇಡವೆಂದು 1946ರಲ್ಲಿ ಭೋರ್ ಸಮಿತಿ ಸಲಹೆಯಿತ್ತಿತು. ಹಳೆಯ ಎಲ್.ಎಂ.ಪಿ.ಗಳಿಗೆ ಸಂಕ್ಷಿಪ್ತ ಎಂ.ಬಿ.ಬಿ.ಎಸ್. ವ್ಯಾಸಂಗವು ದೊರೆಯಿತು. ಅವರ ಅನುಭವಕ್ಕೆ ಸರ್ಕಾರವೇ ಮನ್ನಣೆ ಕೊಟ್ಟಂತಾಯಿತು. 2017ರ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುರ್ವೇದಾದಿ ಪದ್ಧತಿಗಳ ವೈದ್ಯರಿಗಾಗಿ ಸೇತುವ್ಯಾಸಂಗದ ಪ್ರಸ್ತಾಪವಿದ್ದಿತು. ವಿರೋಧದಿಂದ 2018ರಲ್ಲಿ ಅದು ಕೈಬಿಡಲ್ಪಟ್ಟಿತು. ಸೇತುವೆ ಬೇಡವೆಂದವರ ಭಯದಲ್ಲಿ ಹುರುಳಿಲ್ಲದೆ ಇಲ್ಲ. ಅರೆಕಲಿತ ಕೈಗೆ ಕತ್ತರಿ ಕೊಡಲಾಗದು. ಆದರೆ ನಾಲ್ಕು ವರ್ಷ ಕಲಿತವಳನ್ನು ಏನೂ ಕಲಿಯದವಳೆಂದು ಎಣಿಸುವುದೂ ನ್ಯಾಯವೆನಿಸದು.

ಇನ್ನು ಹೋಗತಕ್ಕವರು ಯಾರು? ಇದಕ್ಕೆ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆಯ ಚರಿತ್ರೆಯೇ ಉತ್ತರವು. 1918ರಲ್ಲಿ ಜನಿಸಿದ ಈಕೆ ಯುದ್ಧಕಾಲದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯ ಶಿಕ್ಷಣ ಪಡೆದಳು. ಬೆನ್ನುನೋವಿನಿಂದ ಆ ಕೆಲಸ ನಿಂತಿತು. ಬಳಿಕ ರೋಗಿಗಳ ಮನೆಮಾರಿನ ಕಷ್ಟಗಳನ್ನು ವಿಚಾರಿಸುವ ಆಸ್ಪತ್ರೆಯ ಸಮಾಜಸೇವಕಿಯಾದಳು. ಮರಣಾಸನ್ನರ ಆಶ್ರಮವೊಂದರಲ್ಲಿ ಸಂಜೆಗಳಲ್ಲಿ ಸೇವೆಮಾಡುತ್ತಿದ್ದಾಗ, ಅಲ್ಲಿಯ ದಾದಿಯರು ನೋವು ಮರುಕಳಿಸುವ ಮೊದಲೇ ಹೊತ್ತುಹೊತ್ತಿಗೆ ಔಷಧ ಕೊಡುವುದನ್ನೂ, ಅದರಿಂದ ರೋಗಿಗಳು ನೆಮ್ಮದಿಯಿಂದಿರುವುದನ್ನೂ ಕಂಡಳು. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯು ನರಳಿ ಬೇಡುವವರೆಗೂ ಕಾಯುತ್ತಿದ್ದರು. ಇದನ್ನು ಬದಲಿಸಬೇಕಾದರೆ ವೈದ್ಯಳಾಗಿಯೇ ಬರಬೇಕು, ಇಲ್ಲವಾದರೆ ಯಾರೂ ಕಿವಿಗೊಡರು ಎಂದು ಆಕೆಗೆ ಪರಿಚಿತ ಶಸ್ತ್ರವೈದ್ಯರೊಬ್ಬರು ಬುದ್ಧಿಹೇಳಿದರು. ಮೂವತ್ತಮೂರರಲ್ಲಿ ವೈದ್ಯವಿದ್ಯಾರ್ಥಿನಿಯಾದಳು; 1957ರಲ್ಲಿ ವೈದ್ಯಳಾದಳು. ದಾದಿಯರು ಬಲ್ಲುದನ್ನೇ ಲೆಕ್ಕವಿಟ್ಟು, ಬರೆದು, ಲೋಕಕ್ಕೆ ತಿಳಿಸಿದಳು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದಳು. ಆ ವಿದ್ಯೆಯೇ ಇಂದು ಬೆಂಗಳೂರಿನ ಮಾರತ್ತಹಳ್ಳಿಯ ಬಳಿಯ ಕರುಣಾಶ್ರಯದಲ್ಲಿ, ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಮಾಡುವ ಸೇವೆಗೆ ಆಧಾರವಾಗಿರುವುದು.

ಸಾಂಡರ್ಸಳು ದಾದಿತನವನ್ನು ಕೀಳೆಂದು ಬಿಟ್ಟವಳಲ್ಲವೆಂಬುದನ್ನು ಗಮನಿಸಬೇಕು. ಔಷಧದ ಚೀಟಿಯ ಮೇಲೆ ಸಹಿಹಾಕುವ ಅಧಿಕಾರವಿಲ್ಲದೆ ಆ ಕಾರ್ಯವು ನಡೆಯದಾಗಿದ್ದಿತು. ಅಂಥ ಕಾರ್ಯವೊಂದು ಕಣ್ಣಮುಂದಿರುವವಳು ಐದೂವರೆ ವರ್ಷವನ್ನು ತೆರಬಹುದು. ನೆಂಟರಿಷ್ಟರು ‘ಡಾಕ್ಟರಮ್ಮ’ ಎನ್ನಲೆಂದು ಹೋಗುವವಳಿಗೆ ಬೆಲೆ ಹೆಚ್ಚಾದೀತು, ಶುಶ್ರೂಷೆಯಲ್ಲಿಯೇ ಎಂ.ಎಸ್ಸಿ. ಮಾಡಿ ಮೇಲೇರುವ ದಾರಿಯು ಆಕೆಗೆ ತೆರೆದೇ ಇರುವುದು.

ನಿಶ್ಚಯಿಸಿದವರು ಕೆಲಸವನ್ನು ಒಮ್ಮೆಲೇ ಬಿಡದೆ, ಮೊದಲು ಪಿ.ಯು.ಸಿ. ಅಂಕಪಟ್ಟಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷುಗಳಿವೆಯೇ ಎಂದು ನೋಡಿಕೊಳ್ಳಲಿ. ರಾತ್ರಿಪಾಳಿಯ ಮರುದಿನ ಸಿಗುವ ಬಿಡುವಿನಲ್ಲಿ ಭೌತಶಾಸ್ತ್ರದಿಂದಲೇ ಆರಂಭಿಸಲಿ. ಜೀವಶಾಸ್ತ್ರವು ಅರ್ಧ ಪರಿಚಿತವೇ. ಅಂಕಗಳು ಬಂದಮೇಲೆ ರಾಜ್ಯದ ಸ್ಥಾನಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಕೇಳಿ ಪಡೆಯಬಹುದು.